ಟೆಫ್ಲಾನ್ ಪಾಲಿಶ್: ಕಾರಿಗೆ ರಕ್ಷಣೆಯಾ, ಬಿಲ್‌ಗೆ ಹೊಳಪಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

 

ಇವತ್ತಿನ ಸಂಚಿಕೆಗೆ ಕಾರಣ ಒಂದು ವಾಯ್ಸ್ ಮೆಸೇಜ್. ಕಳಿಸಿದವರು ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಕಡೆಯ ಹುಡುಗ. ಸಾಲ ಮಾಡಿ ಕಾರು ತಗೊಂಡು ಏರ್‌ಪೋರ್ಟ್ ಟ್ಯಾಕ್ಸಿ ಓಡಿಸ್ತಾರೆ. ಅವರು ಹೇಳಿದ್ದು ಇಷ್ಟು: ‘ಅಣ್ಣ, ಕಾರು ತಗೊಂಡಾಗ ಟೆಫ್ಲಾನ್ ಕೋಟಿಂಗ್ ಅಂತ ಐದೂವರೆ ಸಾವಿರ ಬಿಲ್ ಹಾಕಿದ್ರು. ಈಗ ಆರು ತಿಂಗಳಾಯ್ತು, ಮತ್ತೆ ಮಾಡಿಸಿ ಅಂತ ಫೋನ್ ಬರ್ತಿದೆ. ಮಾಡಿಸಿಲ್ಲ ಅಂದ್ರೆ ಪೇಂಟ್ ಹಾಳಾಗುತ್ತೆ ಅಂತಾರೆ. ನಿಜವಾ? ಆ ದುಡ್ಡಲ್ಲಿ ನನ್ನ ಅರ್ಧ ಕಂತು ಕಟ್ಟಬಹುದು.’

ಇದು ಅವರೊಬ್ಬರ ಪ್ರಶ್ನೆ ಅಲ್ಲ. ಹೊಸ ಕಾರಿನ ಕೊಟೇಶನ್ ನೋಡಿದವರಿಗೆ ಗೊತ್ತಿರುತ್ತೆ. ಇನ್ಶೂರೆನ್ಸ್, ರಿಜಿಸ್ಟ್ರೇಶನ್, ಮ್ಯಾಟ್, ಅದರ ಕೆಳಗೆ ಒಂದು ಸಾಲು: ಟೆಫ್ಲಾನ್ ಕೋಟಿಂಗ್. ಲಕ್ಷಗಳ ಲೆಕ್ಕದ ಮಧ್ಯೆ ಐದು ಸಾವಿರ ಯಾರಿಗೂ ದೊಡ್ಡದಾಗಿ ಕಾಣಲ್ಲ, ಸುಮ್ನೆ ಸಹಿ ಹಾಕಿಬಿಡ್ತೀವಿ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಪಾಲಿಶ್ ಮಾಡಿದ ಮೇಲೆ ಕಾಣೋ ಹೊಳಪು ನಿಜ. ನೀರು ಗೋಲಿ ಗೋಲಿಯಾಗಿ ಜಾರೋದೂ ನಿಜ. ಆದರೆ ಆ ಕೆಲಸದಲ್ಲಿ ಟೆಫ್ಲಾನ್ ಪಾಲು ಇಲ್ಲ ಅನ್ನುವಷ್ಟು ಕಡಿಮೆ. ಆ ಹೆಸರಿಲ್ಲದ ಸಾಧಾರಣ ವ್ಯಾಕ್ಸ್ ಕೂಡ ಅದೇ ಕೆಲಸ ಮಾಡುತ್ತೆ. ಅಷ್ಟೇ ಅಲ್ಲ, ಆರು ತಿಂಗಳಿಗೊಮ್ಮೆ ಮೆಷಿನ್ ಹಾಕಿ ಉಜ್ಜಿಸೋದು ಪೇಂಟ್‌ಗೆ ರಕ್ಷಣೆ ಕೊಡೋದಕ್ಕಿಂತ ಅದನ್ನ ಸವೆಸೋ ಸಾಧ್ಯತೆನೇ ಜಾಸ್ತಿ. ಯಾಕೆ ಅಂತ ಈಗ ನೋಡೋಣ.

ಏನಿದು ಟೆಫ್ಲಾನ್?

ಟೆಫ್ಲಾನ್ ಅನ್ನೋದು ಒಂದು ಬ್ರ್ಯಾಂಡ್ ಹೆಸರು. ಅದರ ಹಿಂದಿರೋ ವಸ್ತುವಿಗೆ ಪಾಲಿಟೆಟ್ರಾಫ್ಲೋರೋಎಥಿಲೀನ್ ಅಂತಾರೆ. ನಾಲಿಗೆ ತಿರುಗದ ಹೆಸರು, ಹಾಗಾಗಿ ಚಿಕ್ಕದಾಗಿ ಪಿಟಿಎಫ್‌ಇ ಅನ್ನೋಣ.

1938ರ ಏಪ್ರಿಲ್ 6ರಂದು ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಅನ್ನೋ ರಸಾಯನ ವಿಜ್ಞಾನಿ ಫ್ರಿಜ್‌ಗೆ ಬಳಸೋ ಅನಿಲಗಳ ಮೇಲೆ ಕೆಲಸ ಮಾಡ್ತಿದ್ರು. ಅನಿಲ ತುಂಬಿಟ್ಟಿದ್ದ ಸಿಲಿಂಡರ್ ವಾಲ್ವ್ ತಿರುಗಿಸಿದ್ರೆ ಏನೂ ಬರಲಿಲ್ಲ. ತೂಕ ನೋಡಿದ್ರೆ ಸಿಲಿಂಡರ್ ಖಾಲಿ ಆಗಿಲ್ಲ. ಕೊಯ್ದು ನೋಡಿದಾಗ ಒಳಗೆ ಮೇಣದಂಥ ಬಿಳಿ ಪುಡಿ ಸಿಕ್ಕಿತು. ಅನಿಲ ತಾನಾಗೇ ಪಾಲಿಮರ್ ಆಗಿಬಿಟ್ಟಿತ್ತು.

ಆ ಪುಡಿಯ ಗುಣ ವಿಚಿತ್ರ. ಆಮ್ಲ ಹಾಕಿದ್ರೂ ಕರಗಲ್ಲ, ಪೆಟ್ರೋಲ್ ಹಾಕಿದ್ರೂ ಕರಗಲ್ಲ. ತುಂಬಾ ಜಾರುತ್ತೆ. ಅದಕ್ಕೆ ಯಾವುದೂ ಅಂಟಲ್ಲ. ನಮ್ಮ ಕಥೆಯ ಗಂಟು ಇರೋದು ಇಲ್ಲೇ. ಯಾವುದೂ ಅದಕ್ಕೆ ಅಂಟಲ್ಲ ಅಂದ್ರೆ, ಅದೂ ಯಾವುದಕ್ಕೂ ಸುಲಭವಾಗಿ ಅಂಟಲ್ಲ. ಹಾಗಿದ್ರೆ ನಮ್ಮ ಕಾರಿನ ಬಾನೆಟ್ ಮೇಲೆ ಅದು ಹೇಗೆ ಕೂತ್ಕೊಳ್ಳುತ್ತೆ?

ತವಾಗೆ ಅಂಟಿದ್ದು ಕಾರಿಗೆ ಯಾಕಿಲ್ಲ?

‘ಸಾರ್, ನಾನ್‌ಸ್ಟಿಕ್ ತವಾ ಮೇಲೆ ಅಂಟಿದೆಯಲ್ಲ’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ತವಾ ಮೇಲೆ ಅಂಟಿಸೋಕೆ ಜನ ಸಾಕಷ್ಟು ಕಷ್ಟಪಟ್ಟಿದ್ದಾರೆ. 1950ರ ದಶಕದಲ್ಲಿ ಫ್ರಾನ್ಸ್‌ನ ಮಾರ್ಕ್ ಗ್ರೆಗ್ವಾರ್ ಅನ್ನೋ ಎಂಜಿನಿಯರ್ ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳನ್ನು ಮಾಡಿ, ಅದರೊಳಗೆ ಪಿಟಿಎಫ್‌ಇ ಕಚ್ಚಿಕೊಳ್ಳೋ ಹಾಗೆ ಮಾಡಿದ್ರು. ಟೆಫಾಲ್ ಪಾತ್ರೆಗಳು ಹುಟ್ಟಿದ್ದು ಹಾಗೆ. ಈಗಿನ ಕಾರ್ಖಾನೆಗಳಲ್ಲೂ ಲೋಹವನ್ನು ಮೊದಲು ಒರಟು ಮಾಡ್ತಾರೆ, ಅಂಟಿನ ಗುಣ ಇರೋ ಪ್ರೈಮರ್ ಹಾಕ್ತಾರೆ, ಅದರ ಮೇಲೆ ಪಿಟಿಎಫ್‌ಇ ಸಿಂಪಡಿಸಿ ಕುಲುಮೆಯಲ್ಲಿ ಬೇಯಿಸ್ತಾರೆ.

ಎಷ್ಟು ಬಿಸಿ? ಪಿಟಿಎಫ್‌ಇ ಕರಗೋಕೆ ಸುಮಾರು 327 ಡಿಗ್ರಿ ಸೆಲ್ಸಿಯಸ್ ಬೇಕು. ಪುಡಿಯ ಕಣಗಳು ಒಂದಕ್ಕೊಂದು ಬೆಸೆದು ಪದರ ಆಗಬೇಕಾದ್ರೆ ಅದಕ್ಕಿಂತ ಹೆಚ್ಚೇ ಬೇಕು.

ಈಗ ಕಾರಿಗೆ ಬನ್ನಿ. ಕಾರ್ಖಾನೆಯಲ್ಲಿ ಬಾಡಿಯ ಮೇಲಿನ ಪೇಂಟ್ ಒಣಗಿಸೋದೇ 140 ಡಿಗ್ರಿ ಆಸುಪಾಸಿನಲ್ಲಿ. ಅದನ್ನ 330 ಡಿಗ್ರಿಗೆ ತಗೊಂಡು ಹೋದ್ರೆ ಪೇಂಟೂ ಇರಲ್ಲ, ಪ್ಲಾಸ್ಟಿಕ್ ಬಂಪರೂ ಇರಲ್ಲ. ಏಪ್ರಿಲ್ ಬಿಸಿಲಲ್ಲಿ ಕಪ್ಪು ಕಾರಿನ ಬಾನೆಟ್ ಮೇಲೆ ಬರಿಗೈ ಇಡೋಕಾಗಲ್ಲ, ಆದರೂ ಅದು ನೂರು ಡಿಗ್ರಿಗಿಂತ ಕೆಳಗೇ. ಹಾಗಾಗಿ ಪಾಲಿಶ್‌ನಲ್ಲಿರೋ ಪಿಟಿಎಫ್‌ಇ ಯಾವತ್ತೂ ಕರಗಲ್ಲ, ಬೆಸೆಯಲ್ಲ, ಪದರ ಆಗಲ್ಲ. ಅದು ದ್ರವದಲ್ಲಿ ತೇಲೋ ಪುಡಿ. ಸ್ಪಂಜಲ್ಲಿ ಉಜ್ಜಿದಾಗ ವ್ಯಾಕ್ಸ್ ಜೊತೆ ಒಂದಷ್ಟು ಮೇಲೆ ಉಳಿಯುತ್ತೆ, ಒಂದಷ್ಟು ಒರೆಸೋ ಬಟ್ಟೆಗೆ ಹೋಗುತ್ತೆ, ಉಳಿದಿದ್ದು ವ್ಯಾಕ್ಸ್ ತೊಳೆದು ಹೋದಾಗ ಅದರ ಜೊತೆಗೇ ಹೋಗುತ್ತೆ.

ಹಾಗಾಗಿ ‘ಟೆಫ್ಲಾನ್ ಕೋಟಿಂಗ್’ ಅನ್ನೋ ಪದವೇ ದಾರಿ ತಪ್ಪಿಸುತ್ತೆ. ತವಾ ಮೇಲಿರೋದು ಕೋಟಿಂಗ್. ಕಾರಿನ ಮೇಲೆ ಹಚ್ಚೋದು, ಒಳಗೆ ಸ್ವಲ್ಪ ಪಿಟಿಎಫ್‌ಇ ಪುಡಿ ಇರೋ ಪಾಲಿಶ್. ಕೆಲವು ಕಡೆ ಬಾಟಲಿಯಲ್ಲಿ ಆ ಪುಡಿಯೂ ಇರಲ್ಲ, ಮಾತಿನಲ್ಲಿ ಮಾತ್ರ ಟೆಫ್ಲಾನ್.

ಹಾಗಾದ್ರೆ ಆ ಹೊಳಪು ಎಲ್ಲಿಂದ?

ಇಲ್ಲಿ ಅಂಗಡಿಯವರಿಗೂ ಸ್ವಲ್ಪ ನ್ಯಾಯ ಕೊಡೋಣ. ಕೆಲಸ ಮುಗಿದ ಮೇಲೆ ಕಾರು ಫಳಫಳ ಅನ್ನುತ್ತೆ, ಅದು ಕಣ್ಣಿನ ಭ್ರಮೆ ಅಲ್ಲ. ಪಾಲಿಶ್‌ನಲ್ಲಿ ತುಂಬಾ ನುಣುಪಾದ ಉಜ್ಜುಪುಡಿ ಇರುತ್ತೆ, ಅದು ಮೇಲ್ಮೈಯ ಸಣ್ಣ ಗೀರುಗಳನ್ನು ಸಮ ಮಾಡುತ್ತೆ. ಎಣ್ಣೆ ಅಂಶ ಉಳಿದ ಗೀರುಗಳನ್ನು ತುಂಬುತ್ತೆ. ಮೇಲೆ ವ್ಯಾಕ್ಸ್ ಅಥವಾ ಸಿಲಿಕೋನ್ ತೆಳ್ಳಗೆ ಕೂರುತ್ತೆ. ಹೊಳಪು ಬರೋದು ಇವುಗಳಿಂದ.

ನೀರು ಗೋಲಿಯಾಗೋದು? ಅದಕ್ಕೂ ಒಂದು ಅಳತೆ ಇದೆ. ನೀರಿನ ಹನಿ ಮೇಲ್ಮೈ ಜೊತೆ ಮಾಡೋ ಕೋನ 90 ಡಿಗ್ರಿಗಿಂತ ಹೆಚ್ಚಿದ್ರೆ ಹನಿ ಉಬ್ಬಿ ನಿಲ್ಲುತ್ತೆ. ಅಪ್ಪಟ ಪಿಟಿಎಫ್‌ಇ ಹಾಳೆಯ ಮೇಲೆ ಈ ಕೋನ ಸುಮಾರು 110 ಡಿಗ್ರಿ. ಮೇಣದಬತ್ತಿಗೆ ಬಳಸೋ ಪ್ಯಾರಾಫಿನ್ ಮೇಣದ ಮೇಲೂ ಹೆಚ್ಚುಕಮ್ಮಿ ಅಷ್ಟೇ ಬರುತ್ತೆ. ಅಂದ್ರೆ ಷೋರೂಂನಲ್ಲಿ ಬಾನೆಟ್ ಮೇಲೆ ಒಂದು ಲೋಟ ನೀರು ಹಾಕಿ ‘ನೋಡಿ ಸಾರ್, ಹೇಗೆ ಜಾರ್ತಿದೆ’ ಅಂತ ತೋರಿಸಿದ್ರೆ, ಅದು ಟೆಫ್ಲಾನ್ ಇರೋದಕ್ಕೆ ಸಾಕ್ಷಿ ಅಲ್ಲ. ಮೇಣ ಇದ್ರೂ ಅಷ್ಟೇ ಜಾರುತ್ತೆ.

ಇದನ್ನ ನಮ್ಮ ಅಡುಗೆಮನೆಯ ಕಬ್ಬಿಣದ ಹೆಂಚಿಗೆ ಹೋಲಿಸಿ. ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿದ್ರೆ ದೋಸೆ ಚೆನ್ನಾಗಿ ಏಳುತ್ತೆ. ನಾಲ್ಕು ದೋಸೆ ಆದ ಮೇಲೆ ಮತ್ತೆ ಸವರಬೇಕು. ವ್ಯಾಕ್ಸ್ ಅಂದ್ರೆ ಅದೇ ಥರ. ನಮ್ಮ ಬಿಸಿಲಿಗೆ, ಮಳೆಗೆ, ವಾರ ವಾರ ತೊಳೆಯೋದಕ್ಕೆ ಕೆಲವು ವಾರದಿಂದ ಎರಡು ಮೂರು ತಿಂಗಳು ಬಾಳುತ್ತೆ. ಅದರಲ್ಲಿ ತಪ್ಪೇನಿಲ್ಲ. ಒಂದು ಡಬ್ಬಿ ವ್ಯಾಕ್ಸ್‌ಗೆ ಕೆಲವು ನೂರು ರೂಪಾಯಿ, ಕೈಯಲ್ಲೇ ಹಚ್ಚಬಹುದು. ತಕರಾರು ಇರೋದು ನೂರರ ಕೆಲಸಕ್ಕೆ ಸಾವಿರದ ಹೆಸರು ಇಡೋದರ ಬಗ್ಗೆ.

ಉಜ್ಜಿದಷ್ಟೂ ತೆಳು

ಈಗ ಬಹಳ ಜನ ಯೋಚಿಸದ ವಿಷಯ. ಕಾರಿನ ಪೇಂಟ್ ಅಂದ್ರೆ ಒಂದೇ ಪದರ ಅಲ್ಲ. ಉಕ್ಕಿನ ಮೇಲೆ ತುಕ್ಕು ತಡೆಯೋ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಬಣ್ಣವಿಲ್ಲದ ಪಾರದರ್ಶಕ ಪದರ. ಅದಕ್ಕೆ ಕ್ಲಿಯರ್ ಕೋಟ್ ಅಂತಾರೆ. ಎಲ್ಲಾ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಕ್ಲಿಯರ್ ಕೋಟ್ ಒಂದೇ ಲೆಕ್ಕ ಹಾಕಿದ್ರೆ 40 ಮೈಕ್ರಾನ್ ಆಸುಪಾಸು. ನಮ್ಮ ಒಂದು ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದ್ರೆ ನಿಮ್ಮ ಕಾರನ್ನ ಕಾಯ್ತಿರೋ ಪದರ ಒಂದು ಕೂದಲಿಗಿಂತ ತೆಳ್ಳಗಿದೆ.

ಬಿಸಿಲಿನ ಅತಿನೇರಳೆ ಕಿರಣದಿಂದ ಬಣ್ಣ ಮಾಸದ ಹಾಗೆ ತಡೆಯೋ ರಾಸಾಯನಿಕ ಇರೋದು ಈ ಕ್ಲಿಯರ್ ಕೋಟ್ ಒಳಗೇ. ಕಂಪನಿಯವರು ಇದನ್ನ ವರ್ಷಗಟ್ಟಲೆ ಬಿಸಿಲು ಮಳೆ ತಡೆಯೋ ಹಾಗೆ ಮಾಡಿರ್ತಾರೆ. ಗ್ರಾಹಕ ಬಂದು ಮೇಲೊಂದು ಟೆಫ್ಲಾನ್ ಹಚ್ಚಿಸ್ತಾನೆ ಅಂತ ಲೆಕ್ಕ ಹಾಕಿ ಮಾಡಿರಲ್ಲ.

ಮೆಷಿನ್‌ನಲ್ಲಿ ಕಾಂಪೌಂಡ್ ಹಾಕಿ ಉಜ್ಜಿದಾಗ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಹೋಗುತ್ತೆ. ಕೈ ಗಟ್ಟಿ ಇರೋ ಹುಡುಗ ಹೊಸದಾಗಿ ಕೆಲಸ ಕಲೀತಿದ್ರೆ, ಅಂಚುಗಳಲ್ಲಿ ಇನ್ನೂ ಜಾಸ್ತಿ. ವರ್ಷಕ್ಕೆ ಎರಡು ಸಲ, ಐದು ವರ್ಷ ಮಾಡಿಸಿ ನೋಡಿ. ಹತ್ತು ಸಲ ಉಜ್ಜಿದ ಹಾಗಾಯ್ತು. ಹೋದ ಕ್ಲಿಯರ್ ಕೋಟ್ ವಾಪಸ್ ಬರಲ್ಲ. ಪೇಂಟ್ ಉಳಿಸೋಕೆ ಅಂತ ದುಡ್ಡು ಕೊಟ್ಟು, ಪೇಂಟನ್ನೇ ಕಾಯೋ ಪದರವನ್ನ ತೆಗೆಸಿದ ಹಾಗೆ. ಟ್ಯಾಕ್ಸಿ ಓಡಿಸೋರಿಗೆ ಇದು ಮುಖ್ಯ, ಯಾಕಂದ್ರೆ ಸಾಲ ತೀರಿದ ಮೇಲೆ ಕಾರು ಮಾರೋವಾಗ ಪೇಂಟ್ ನೋಡಿನೇ ಬೆಲೆ ಕಟ್ತಾರೆ.

ತೂಬಗೆರೆ ಕಡೆ ನಿಜವಾದ ಶತ್ರು ಯಾರು?

ಹಾಗಾದ್ರೆ ಪೇಂಟ್ ಯಾವುದರಿಂದ ಹಾಳಾಗುತ್ತೆ? ತೂಬಗೆರೆ ಹೋಬಳಿ ಸುತ್ತಮುತ್ತ ಓಡಾಡಿದವರಿಗೆ ಮೊದಲು ನೆನಪಾಗೋದು ಧೂಳು. ನಂದಿ ಬೆಟ್ಟದ ಈ ಸೀಮೆ ಪೂರಾ ಗ್ರಾನೈಟ್ ಮತ್ತು ನೈಸ್ ಬಂಡೆ. ಕ್ವಾರಿಯ ಜಲ್ಲಿ, ಎಂ-ಸ್ಯಾಂಡ್ ತುಂಬಿದ ಟಿಪ್ಪರ್ ಹಿಂದೆ ಹತ್ತು ನಿಮಿಷ ಹೋದ್ರೆ ಸಾಕು, ಕಾರಿನ ಬಣ್ಣ ಯಾವುದು ಅಂತ ಕೇಳೋ ಸ್ಥಿತಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಸಮಯದಲ್ಲಂತೂ ಹೇಳೋದೇ ಬೇಡ.

ಆ ಧೂಳಲ್ಲಿ ಸ್ಫಟಿಕ ಶಿಲೆಯ ಕಣ ಇರುತ್ತೆ. ಖನಿಜಗಳ ಗಡಸುತನ ಅಳೆಯೋ ಮೋಸ್ ಮಾಪನದಲ್ಲಿ ಅದಕ್ಕೆ 7. ಚಾಕುವಿನ ಉಕ್ಕು ಸುಮಾರು ಐದೂವರೆ. ಅಂದ್ರೆ ಚಾಕುವಿಗಿಂತ ಗಟ್ಟಿಯಾದ ಪುಡಿ ನಿಮ್ಮ ಬಾನೆಟ್ ಮೇಲೆ ಕೂತಿದೆ. ಬೆಳಗ್ಗೆ ಎದ್ದು ಒಣಬಟ್ಟೆಯಲ್ಲಿ ಅದನ್ನ ಒರೆಸಿದ್ರೆ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೇ ಸರಿ. ಬಿಸಿಲಲ್ಲಿ ನೋಡಿದಾಗ ಜೇಡರ ಬಲೆ ಥರ ದುಂಡು ದುಂಡು ಗೀರು ಕಾಣುತ್ತಲ್ಲ, ಅದು ಹುಟ್ಟೋದು ಇಲ್ಲಿ. ಪಿಟಿಎಫ್‌ಇ ಉಗುರಲ್ಲಿ ಕೆರೆಯಬಹುದಾದಷ್ಟು ಮೆತ್ತಗಿನ ವಸ್ತು. ಅದು ಸ್ಫಟಿಕದ ಕಣವನ್ನ ತಡೆಯಲ್ಲ. ತಡೆಯೋದು ಧಾರಾಳ ನೀರು. ಮೊದಲು ನೀರು ಹಾಕಿ ಧೂಳು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಿ.

ಎರಡನೇದು ಅದೇ ನೀರು. ನಮ್ಮ ಬೋರ್‌ವೆಲ್ ನೀರು ಗಡಸು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ. ಸ್ಟೀಲ್ ಬಿಂದಿಗೆ ಒಳಗೆ ಬಿಳಿ ಕಟ್ಟುತ್ತಲ್ಲ, ಅದೇ ಕಾರಿನ ಮೇಲೂ ಕಟ್ಟುತ್ತೆ. ಇಲ್ಲೊಂದು ತಮಾಷೆ ಇದೆ. ನೀರು ಗೋಲಿಯಾಗಿ ನಿಂತು ಬಿಸಿಲಲ್ಲಿ ಹಾಗೇ ಒಣಗಿದ್ರೆ ಲವಣವೆಲ್ಲ ಒಂದೇ ಚುಕ್ಕೆಯಲ್ಲಿ ಉಳಿಯುತ್ತೆ. ಹನಿ ಉಬ್ಬಿ ನಿಲ್ಲೋದೇ ರಕ್ಷಣೆ ಅಂದ್ಕೊಂಡ್ರೆ, ಆ ಹನಿಯೇ ಕಲೆ ಮಾಡಿ ಹೋಗುತ್ತೆ. ಹಾಗಾಗಿ ನೆರಳಲ್ಲಿ ತೊಳೀರಿ, ಒಣಗೋದಕ್ಕೆ ಮುಂಚೆ ಮೈಕ್ರೋಫೈಬರ್ ಬಟ್ಟೆಯಲ್ಲಿ ನೀರು ಎಳೀರಿ.

ಮೂರನೇದು ಹಕ್ಕಿ ಹಿಕ್ಕೆ. ಅದರಲ್ಲಿ ಯೂರಿಕ್ ಆಮ್ಲ ಇರುತ್ತೆ. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾದಾಗ ಹಿಕ್ಕೆ ಕಚ್ಚಿಕೊಂಡು ಗುರುತು ಬೀಳುತ್ತೆ. ವ್ಯಾಕ್ಸ್ ಇದ್ರೆ ಸ್ವಲ್ಪ ಸಮಯ ಸಿಗುತ್ತೆ ಅಷ್ಟೇ. ಟೆಫ್ಲಾನ್ ಪಾಲಿಶ್ ಹಾಕಿಸಿದೀನಿ ಅಂತ ಎರಡು ದಿನ ಬಿಟ್ರೆ ಕಲೆ ಉಳಿಯೋದೇ. ಗಾಡಿಯಲ್ಲಿ ಒಂದು ಬಾಟಲಿ ನೀರು, ಒಂದು ಮೆತ್ತನೆ ಬಟ್ಟೆ ಇಟ್ಕೊಳ್ಳಿ. ನೆನೆಸಿ, ಎತ್ತಿ ತೆಗೀರಿ, ಉಜ್ಜಬೇಡಿ.

ನಾಲ್ಕನೇದು ನಮ್ಮ ಭಕ್ತಿ. ಆಯುಧಪೂಜೆ ದಿನ ಅರಿಶಿನ, ಕುಂಕುಮ, ವಿಭೂತಿ ಎಲ್ಲಾ ಬಾನೆಟ್ ಮೇಲೆ. ಹೊಸ ಗಾಡಿ ಆದ್ರೆ ಘಾಟಿಗೆ ಹೋಗಿ ಪೂಜೆ. ಬೇಡ ಅಂತ ನಾನು ಹೇಳಲ್ಲ, ನಮ್ಮನೇಲೂ ಮಾಡ್ತೀವಿ. ಆದರೆ ಬಿಳಿ ಕಾರಿನ ಮೇಲೆ ಒದ್ದೆ ಅರಿಶಿನ ವಾರಗಟ್ಟಲೆ ಇದ್ರೆ ಹಳದಿ ಹಿಡಿಯುತ್ತೆ. ವಿಭೂತಿಯನ್ನ ಒಣಗಿದ ಮೇಲೆ ಕೈಯಲ್ಲಿ ಉಜ್ಜಿ ತೆಗೆದ್ರೆ ಗೀರು. ಗಾಜಿನ ಮೇಲೋ ನಂಬರ್ ಪ್ಲೇಟ್ ಮೇಲೋ ಇಡಿ, ಮಾರನೇ ದಿನ ನೀರು ಹಾಕಿ ತೊಳೀರಿ. ದೇವರಿಗೆ ಬೇಜಾರಾಗಲ್ಲ.

ಇನ್ನೊಂದು ಮಾತು. ಬಟ್ಟೆ ಒಗೆಯೋ ಪುಡಿಯಲ್ಲಿ ಕಾರು ತೊಳೆದ್ರೆ ಇರೋ ವ್ಯಾಕ್ಸೂ ಹೋಗುತ್ತೆ. ಡೀಸೆಲ್, ಸೀಮೆಎಣ್ಣೆ ಹಾಕಿ ಒರೆಸಿದ್ರೆ ಆ ಗಳಿಗೆಗೆ ಮಿಂಚುತ್ತೆ, ಸಂಜೆ ಹೊತ್ತಿಗೆ ಎರಡರಷ್ಟು ಧೂಳು ಹಿಡಿಯುತ್ತೆ. ಎರಡನ್ನೂ ಬಿಟ್ಟುಬಿಡಿ.

ಹಾಗಾದ್ರೆ ಯಾವುದೂ ಕೆಲಸ ಮಾಡಲ್ವಾ?

ಮಾಡುತ್ತೆ. ಫ್ಲೋರಿನ್ ಇರೋ ಪಾಲಿಮರ್‌ಗಳೆಲ್ಲ ದಂಡ ಅಂತ ತಿಳ್ಕೋಬೇಡಿ. ಗಾಜಿನ ದೊಡ್ಡ ದೊಡ್ಡ ಕಟ್ಟಡಗಳ ಹೊರಗಿನ ಅಲ್ಯೂಮಿನಿಯಂ ಫಲಕಕ್ಕೆ ಹಾಕೋ ಪಿವಿಡಿಎಫ್ ಪೇಂಟ್ ದಶಕಗಟ್ಟಲೆ ಬಾಳುತ್ತೆ. ಆದರೆ ಅಲ್ಲಿ ಫ್ಲೋರೋಪಾಲಿಮರೇ ಪೇಂಟಿನ ಮುಖ್ಯ ಅಂಶ, ಕಾರ್ಖಾನೆಯಲ್ಲೇ ಬೇಯಿಸಿ ಕೂರಿಸಿರ್ತಾರೆ. ಪಾಲಿಶ್‌ಗೆ ಚಿಟಿಕೆ ಪುಡಿ ಸೇರಿಸೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಸೆರಾಮಿಕ್ ಕೋಟಿಂಗ್ ಬಗ್ಗೆ ಕೇಳ್ತೀರ ಅಂತ ಗೊತ್ತು. ಅದು ಸಿಲಿಕಾ ಆಧಾರಿತ ದ್ರವ, ಹಚ್ಚಿದ ಮೇಲೆ ರಾಸಾಯನಿಕವಾಗಿ ಗಟ್ಟಿಯಾಗಿ ಪೇಂಟನ್ನ ಹಿಡ್ಕೊಳ್ಳುತ್ತೆ. ವ್ಯಾಕ್ಸ್‌ಗಿಂತ ಖಂಡಿತ ಹೆಚ್ಚು ದಿನ ಬಾಳುತ್ತೆ, ತೊಳೆಯೋದೂ ಸುಲಭ. ಆದರೆ ಜಾಹೀರಾತಲ್ಲಿ ಬರೋ ‘9ಎಚ್ ಗಡಸುತನ’ಕ್ಕೆ ಮರುಳಾಗಬೇಡಿ. ಅದು ಪೆನ್ಸಿಲ್‌ನ ಅಳತೆ, ವಜ್ರಕ್ಕೆ ಹತ್ತಿರ ಅಂತ ಅರ್ಥ ಅಲ್ಲ. ನಮ್ಮ ಕಲ್ಲುಪುಡಿ ಅದನ್ನೂ ಗೀರುತ್ತೆ. ಹಾರಿಬರೋ ಜಲ್ಲಿ ಏಟು ತಡೆಯೋದು ಪಾಲಿಯುರೆಥೇನ್ ಫಿಲ್ಮ್ ಮಾತ್ರ. ಅದು 150ರಿಂದ 200 ಮೈಕ್ರಾನ್ ದಪ್ಪದ ಹಾಳೆ, ಇಡೀ ಕಾರಿಗೆ ಹಾಕಿಸಿದ್ರೆ ಲಕ್ಷದ ಲೆಕ್ಕಕ್ಕೂ ಹೋಗಬಹುದು. ಟ್ಯಾಕ್ಸಿಗೆ ಅಷ್ಟು ಬೇಡ.

ಪರಿಸರದ ವಿಷಯವೂ ಒಂದಿದೆ. ಪಿಟಿಎಫ್‌ಇ ‘ಫಾರೆವರ್ ಕೆಮಿಕಲ್ಸ್’ ಅಂತ ಕರೆಯೋ ದೊಡ್ಡ ಕುಟುಂಬಕ್ಕೆ ಸೇರಿದ್ದು. ಅದರ ತಯಾರಿಕೆಯಲ್ಲಿ ಹಿಂದೆ ಬಳಸ್ತಿದ್ದ ಪಿಎಫ್‌ಒಎ ಅನ್ನೋ ರಾಸಾಯನಿಕವನ್ನ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿದ್ರು. ಕಾರು ತೊಳೆದ ನೀರು ನಮ್ಮ ಕಡೆ ಚರಂಡಿಯಿಂದ ಕೆರೆಗೇ ಹೋಗೋದು. ಪೇಂಟ್‌ಗೆ ಉಪಯೋಗ ಇಲ್ಲದ, ಮಣ್ಣಲ್ಲೂ ಕರಗದ ಪುಡಿಯನ್ನ ಅಲ್ಲಿಗೆ ಯಾಕೆ ಕಳಿಸಬೇಕು?

ಇದು ಹೊಸ ಕಥೆ ಅಲ್ಲ

ಟೆಫ್ಲಾನ್ ಹೆಸರಿನ ಮಾರಾಟ ಪೇಂಟ್‌ಗಷ್ಟೇ ಸೀಮಿತ ಆಗಿರಲಿಲ್ಲ. ಅಮೆರಿಕದಲ್ಲಿ ಸ್ಲಿಕ್ 50 ಅನ್ನೋ ಎಂಜಿನ್ ಆಯಿಲ್ ಸೇರ್ಪಡೆ ಇತ್ತು. ಅದರಲ್ಲೂ ಪಿಟಿಎಫ್‌ಇ ಪುಡಿ. ಎಂಜಿನ್ ಸವೆತ ಕಡಿಮೆ ಮಾಡುತ್ತೆ ಅಂತ ಜಾಹೀರಾತು ಕೊಟ್ಟಿದ್ರು. ಈ ಮಾತಿಗೆ ಆಧಾರ ಇಲ್ಲ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಆರೋಪ ಹೊರಿಸಿತು. 1997ರಲ್ಲಿ ಕಂಪನಿ ರಾಜಿಗೆ ಬಂತು, ಪುರಾವೆ ಇಲ್ಲದೆ ಅಂಥ ಮಾತು ಹೇಳೋ ಹಾಗಿಲ್ಲ ಅಂತ ಕಟ್ಟುಪಾಡು ಆಯ್ತು.

ನಮ್ಮಲ್ಲೂ ಕಾನೂನು ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ದಾರಿ ತಪ್ಪಿಸೋ ಜಾಹೀರಾತಿನ ವಿರುದ್ಧ ದೂರು ಕೊಡಬಹುದು. ಸಹಾಯವಾಣಿ ಸಂಖ್ಯೆ 1915. ಐದು ಲಕ್ಷ ರೂಪಾಯಿ ಒಳಗಿನ ವ್ಯವಹಾರಕ್ಕೆ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ.

ಅಲ್ಲಿಯವರೆಗೆ ಹೋಗೋದಕ್ಕೆ ಮುಂಚೆ ಷೋರೂಂನಲ್ಲೇ ನಾಲ್ಕು ಪ್ರಶ್ನೆ ಕೇಳಿ. ಬಾಟಲಿ ತೋರಿಸ್ತೀರಾ, ಯಾವ ಬ್ರ್ಯಾಂಡ್? ಎಷ್ಟು ತಿಂಗಳು ಬಾಳುತ್ತೆ ಅಂತ ಬಿಲ್ ಮೇಲೆ ಬರ್ಕೊಡ್ತೀರಾ? ಬಣ್ಣ ಮಾಸಿದ್ರೆ ಏನು ಪರಿಹಾರ? ಹಚ್ಚೋದಕ್ಕೆ ಮುಂಚೆ ಮೆಷಿನ್‌ನಲ್ಲಿ ಉಜ್ತೀರಾ? ಬರೆದುಕೊಡೋಕೆ ಹಿಂದೇಟು ಹಾಕಿದ್ರೆ ನಿಮಗೆ ಉತ್ತರ ಸಿಕ್ಕ ಹಾಗೆ. ಕೊಟೇಶನ್‌ನಿಂದ ಆ ಸಾಲು ತೆಗೀರಿ ಅಂತ ಹೇಳೋ ಹಕ್ಕು ನಿಮಗಿದೆ. ಸಂಕೋಚ ಬೇಡ.

ನೀವೇ ಪರೀಕ್ಷೆ ಮಾಡಿ

ನನ್ನ ಮಾತನ್ನೂ ಸುಮ್ನೆ ನಂಬಬೇಡಿ. ಕಾರು ಚೆನ್ನಾಗಿ ತೊಳೆದು ಒಣಗಿಸಿ. ಬಾನೆಟ್ ಮಧ್ಯಕ್ಕೆ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ. ಒಂದು ಕಡೆ ಸಾಧಾರಣ ವ್ಯಾಕ್ಸ್, ಇನ್ನೊಂದು ಕಡೆ ಟೆಫ್ಲಾನ್ ಅಂತ ಬರೆದಿರೋ ಪಾಲಿಶ್, ಎರಡನ್ನೂ ಕೈಯಲ್ಲೇ ಹಚ್ಚಿ. ಟೇಪ್ ತೆಗೆದು ಒಂದು ಫೋಟೊ ತೆಗೀರಿ. ವಾರಕ್ಕೊಮ್ಮೆ ಕಾರ್ ಶಾಂಪೂನಲ್ಲಿ ತೊಳೆದು, ಎರಡೂ ಕಡೆ ಒಂದೊಂದು ಲೋಟ ನೀರು ಹಾಕಿ ಹನಿ ಹೇಗೆ ನಿಲ್ಲುತ್ತೆ ಅಂತ ವಿಡಿಯೊ ಮಾಡಿ. ಎರಡು ತಿಂಗಳು ಮಾಡಿದ್ರೆ ಸಾಕು. ಯಾವ ಕಡೆ ಯಾವುದು ಅಂತ ಹೇಳದೆ ಸ್ನೇಹಿತರಿಗೆ ತೋರಿಸಿ, ಅವರು ಗುರುತಿಸ್ತಾರಾ ನೋಡಿ.

ತೂಬಗೆರೆಯ ಗೆಳೆಯರಿಗೆ ನನ್ನ ಸಲಹೆ: ಆ ಫೋನ್‌ಗೆ ‘ಬೇಡ’ ಅನ್ನಿ, ಕಂತು ಕಟ್ಟಿ. ಒಂದು ಡಬ್ಬಿ ವ್ಯಾಕ್ಸ್, ಒಂದು ಬಾಟಲಿ ಕಾರ್ ಶಾಂಪೂ, ಎರಡು ಮೈಕ್ರೋಫೈಬರ್ ಬಟ್ಟೆ ತಗೊಳ್ಳಿ. ಎರಡು ತಿಂಗಳಿಗೊಮ್ಮೆ ಭಾನುವಾರ ಒಂದು ಗಂಟೆ ಕೆಲಸ.

ಪರೀಕ್ಷೆ ಮಾಡಿದವರು ವಿಡಿಯೊ ಕಳಿಸಿ, ನನ್ನ ಮಾತಿಗೆ ವಿರುದ್ಧವಾಗಿ ಬಂದ್ರೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದರ ಬಗ್ಗೆ ಮಾತಾಡೋಣ. ಷೋರೂಂ ಬಿಲ್‌ನಲ್ಲಿ ಬೇರೆ ಯಾವ ಸಾಲಿನ ಬಗ್ಗೆ ಅನುಮಾನ ಇದೆ ಅಂತಲೂ ಹೇಳಿ. ಹುಷಾರಾಗಿ ಗಾಡಿ ಓಡಿಸಿ. ನಮಸ್ಕಾರ.